ಒಂದು ಎಲ್ಕ್‌ಗಾಗಿ ಸಾವಿರ ಮೈಲಿ: ಕೊಲರಾಡೊ ಬೇಟೆಗೆ ಹೊರಡುವ ಮೊದಲು ಹಾಕಬೇಕಾದ ಲೆಕ್ಕ

ಎರಡನೇ ವರ್ಷದ ಎಲ್ಕ್ (ಕಡವೆ ಥರದ ದೊಡ್ಡ ಜಿಂಕೆ) ಬೇಟೆ ಮುಗಿಸಿ ಡಲ್ಲಾಸ್‌ನ ಮನೆಗೆ ಬಂದು, ಎರಡು ಕೂಲರ್ ತುಂಬ ಮಾಂಸ ಅಡುಗೆಮನೆಯಲ್ಲಿ ಇಳಿಸಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು. "ಕಿಲೋಗೆ ಎಷ್ಟು ಬಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೈಸೆನ್ಸ್ ಎಷ್ಟು ಅಂತ ಗೊತ್ತು, ಕೋವಿ ಎಷ್ಟು ಅಂತ ಗೊತ್ತು, ಉಳಿದದ್ದೆಲ್ಲ ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ಚೂರುಚೂರಾಗಿ ಹರಡಿ ಹೋಗಿತ್ತು. ಅವತ್ತು ರಾತ್ರಿ ಕೂತು ಎರಡೂ ವರ್ಷದ ಬಿಲ್ ಒಟ್ಟು ಮಾಡಿದೆ. ಆಫೀಸಿನಲ್ಲಿ ಯಾರೋ "ಈ ಸಲ ಎಲ್ಕ್‌ಗೆ ಬರ್ತೀಯಾ?" ಅಂತ ಕರೆದಿದ್ದಾರೆ, ಹೋಗೋಣವೇ ಬೇಡವೇ ಎಂದು ಯೋಚಿಸುತ್ತಿರುವ ಅಮೆರಿಕದ ಕನ್ನಡಿಗರಿಗೆ ಆ ಲೆಕ್ಕ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಾನು ಮಲೆನಾಡಿನವನು. ಅಜ್ಜನ ಶಿಕಾರಿ ಕಥೆ ಕೇಳಿ ಬೆಳೆದವನು. ಬೆಳಿಗ್ಗೆ ನಾಯಿ ಕಟ್ಟಿಕೊಂಡು ಕಾಡಿಗೆ ನುಗ್ಗಿದರೆ ಸಂಜೆಗೆ ಪಾಲು ಹಂಚಿಕೊಂಡು ಮನೆಗೆ, ಖರ್ಚು ಅಂದರೆ ನಾಲ್ಕು ತೋಟಾ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅದು ಮುಗಿದ ಕಥೆ, ಮುಗಿಯಬೇಕಾದದ್ದೇ. ಆದರೆ ಆ ಕಥೆಗಳಿಂದ ತಲೆಯಲ್ಲಿ ಒಂದು ತಪ್ಪು ಲೆಕ್ಕ ಕೂತುಬಿಟ್ಟಿತ್ತು. ಬೇಟೆ ಅಂದರೆ ಕೋವಿ ಮತ್ತು ಗುರಿ ಅಂತ. ಅಮೆರಿಕದ ಪಶ್ಚಿಮದ ಬೆಟ್ಟಗಳಿಗೆ ಹೋಗುವವನಿಗೆ ಅದು ಅಲ್ಲ. ಮೊದಲ ವರ್ಷ ಕೊಂಡ ಕೋವಿ, ಸಾಮಾನು ಬದಿಗಿಟ್ಟರೆ, ಹೋದ ದುಡ್ಡಿನ ಹೆಚ್ಚಿನ ಪಾಲು ಮೂರು ಕಡೆ ಹೋಗಿದೆ: ಹೊರರಾಜ್ಯದವನು ಎಂಬ ಕಾರಣಕ್ಕೆ ಕೊಡುವ ಲೈಸೆನ್ಸ್ ಫೀ, ದಾರಿ, ಮತ್ತು ಬಿದ್ದ ಪ್ರಾಣಿಯನ್ನು ಹೊತ್ತು ತರುವ ಏರ್ಪಾಟು.

ಮೊದಲು ವೀಸಾ, ಆಮೇಲೆ ಕೋವಿ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಹೋಗುವುದು ದುಡ್ಡಲ್ಲ, ವೀಸಾ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿಯನ್ನಾಗಲೀ ತೋಟಾವನ್ನಾಗಲೀ ಇಟ್ಟುಕೊಳ್ಳುವ ಹಾಗಿಲ್ಲ ಎನ್ನುತ್ತದೆ ಇಲ್ಲಿನ ಫೆಡರಲ್ ಕಾನೂನು. ಅದಕ್ಕೆ ಕೆಲವು ವಿನಾಯಿತಿ ಇವೆ. ನಮ್ಮಂಥವರಿಗೆ ಆಗಿಬರುವುದು ಒಂದು: ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿ ಇರಬೇಕು. ಲೈಸೆನ್ಸಿನ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯಿತು. ಕೋವಿ ಬೀರುವಿನಲ್ಲಿ ಸುಮ್ನೆ ಬಿದ್ದಿದ್ದರೂ ತಪ್ಪು ತಪ್ಪೇ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಾಪತ್ರಯ ಇಲ್ಲ.

ಇದರಲ್ಲಿ ಒಂದು ತಮಾಷೆಯ ಗಂಟು ಇದೆ. ಟೆಕ್ಸಾಸ್‌ನಲ್ಲಿ ಖಾಸಗಿ ಜಮೀನಿನಲ್ಲಿ, ಮಾಲೀಕನ ಒಪ್ಪಿಗೆ ಇದ್ದರೆ, ಕಾಡುಹಂದಿ ಹೊಡೆಯಲು 2019ರಿಂದ ಲೈಸೆನ್ಸೇ ಬೇಡ. "ಹಂದಿಗೆ ಲೈಸೆನ್ಸ್ ಬೇಡ ಮಾರಾಯ, ಬಾ" ಅಂತ ಅಮೆರಿಕನ್ ಗೆಳೆಯ ಕರೆಯುತ್ತಾನೆ. ಅವನು ಹೇಳಿದ್ದು ಸುಳ್ಳಲ್ಲ. ಹಂದಿಗೆ ಬೇಡ, ಆದರೆ ನಿಮ್ಮ ವೀಸಾಗೆ ಬೇಕು. ಟೆಕ್ಸಾಸ್‌ನಲ್ಲಿ ಆರು ತಿಂಗಳು ವಾಸ ಇದ್ದವರಿಗೆ ಸಾಮಾನ್ಯ ಬೇಟೆ ಲೈಸೆನ್ಸ್ 25 ಡಾಲರ್. ಅದನ್ನು ತೆಗೆದುಕೊಂಡು ಜೇಬಿನಲ್ಲಿ ಇಟ್ಟುಕೊಳ್ಳಿ. ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆಬೇರೆ, ಹಾಗಾಗಿ ಅನುಮಾನ ಇದ್ದರೆ ಕೋವಿ ಅಂಗಡಿಯವನನ್ನು ಕೇಳಬೇಡಿ, ನಿಮ್ಮ ವೀಸಾ ಲಾಯರ್‌ನ ಕೇಳಿ.

ಎರಡನೆಯದು ಬೇಟೆಗಾರರ ತರಬೇತಿ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಕೊಲರಾಡೊದಲ್ಲಿ ಲೈಸೆನ್ಸ್ ಕೊಳ್ಳಬೇಕಾದರೆ ತರಬೇತಿ ಪಾಸಾದ ಕಾರ್ಡ್ ಇರಲೇಬೇಕು. ಟೆಕ್ಸಾಸ್‌ನಲ್ಲಿ ಮಾಡಿದ ಕೋರ್ಸ್ ಅಲ್ಲೂ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಒಂದು ವಾರಾಂತ್ಯದ ಕೆಲಸ. ಖರ್ಚು ಸಣ್ಣದು, ಆದರೆ ಅಕ್ಟೋಬರಿನವರೆಗೆ ತಳ್ಳಬೇಡಿ.

ಟ್ಯಾಗ್ ಕೊಳ್ಳುವುದು

ಕೊಲರಾಡೊ ಯಾಕೆ ಅಂದರೆ, ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕ್ ಇರುವ ರಾಜ್ಯ ಅದು, ಎರಡೂ ಮುಕ್ಕಾಲು ಲಕ್ಷಕ್ಕೂ ಜಾಸ್ತಿ. ಎಲ್ಕ್ ಅಂದರೆ ಏನು ಅಂತ ಊರಿನವರು ಕೇಳಿದರೆ ನಾನು "ನಮ್ಮ ಕಡವೆಯ ದೊಡ್ಡಣ್ಣ" ಅನ್ನುತ್ತೇನೆ. ದೊಡ್ಡ ಗಂಡು 300 ಕಿಲೋ ತೂಗುತ್ತದೆ, ಹೆಣ್ಣು ಸುಮಾರು 225. ಟೆಕ್ಸಾಸ್‌ನಲ್ಲಿ 95 ಪರ್ಸೆಂಟಿಗೂ ಜಾಸ್ತಿ ಜಮೀನು ಖಾಸಗಿ, ಬೇಟೆಗೆ ಹೋಗಬೇಕಾದರೆ ಯಾರದೋ ರ‍್ಯಾಂಚ್‌ಗೆ ಬಾಡಿಗೆ ಕಟ್ಟಬೇಕು. ಕೊಲರಾಡೊದ ಬೆಟ್ಟಗಳಲ್ಲಿ ಲಕ್ಷಾಂತರ ಎಕರೆ ಸರ್ಕಾರಿ ಕಾಡು, ನಡೆಯುವ ಕಾಲು ಇದ್ದವನಿಗೆ ಬಾಡಿಗೆ ಇಲ್ಲ. ಅದಕ್ಕೇ ಜನ ಸಾವಿರ ಮೈಲಿ ಓಡಿಸಿಕೊಂಡು ಹೋಗುತ್ತಾರೆ.

ಆದರೆ ಹೊರರಾಜ್ಯದವರಿಗೆ ಲೈಸೆನ್ಸ್ ದುಬಾರಿ. ಕೊಲರಾಡೊದವನು ಗಂಡು ಎಲ್ಕ್‌ಗೆ ಅರುವತ್ತು ಎಪ್ಪತ್ತು ಡಾಲರ್ ಕೊಡುತ್ತಾನೆ, ನಾವು ಎಂಟುನೂರರ ಆಸುಪಾಸು. ಪ್ರತಿ ವರ್ಷ ಬೆಲೆ ಏರಿಕೆ ನೋಡಿ ಫೀ ಏರಿಸುತ್ತಾರೆ, ಹಾಗಾಗಿ ಹೊರಡುವ ವರ್ಷದ ರೇಟ್ ಅನ್ನು ಕೊಲರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್‌ನ ಪುಸ್ತಿಕೆಯಲ್ಲೇ ನೋಡಿ. ಕೊಲರಾಡೊದಲ್ಲಿ ಆರು ತಿಂಗಳು ಒಂದೇ ಸಮನೆ ವಾಸ ಇದ್ದರೆ ನೀವೂ ಆ ರಾಜ್ಯದವರೇ. ಡೆನ್ವರ್‌ಗೆ ಕೆಲಸ ಬದಲಾಯಿಸುವ ಯೋಚನೆ ಇದ್ದವರು ಇದನ್ನೂ ಲೆಕ್ಕಕ್ಕೆ ಹಿಡಿಯಬಹುದು!

ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯಲು ಕೊಡುವ ಲೈಸೆನ್ಸ್ ಚೀಟಿ, ಸಿಗುವುದು ಎರಡು ದಾರಿಯಲ್ಲಿ. ಒಂದು, ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ನೇರವಾಗಿ ಕೊಳ್ಳುವುದು. ಎರಡನೇ ಮತ್ತು ಮೂರನೇ ರೈಫಲ್ ಸೀಸನ್‌ಗೆ, ಅಂದರೆ ಅಕ್ಟೋಬರ್ ಕೊನೆ ಮತ್ತು ನವೆಂಬರಿಗೆ, ಗಂಡು ಎಲ್ಕ್‌ನ ಟ್ಯಾಗ್ ಹಲವು ಕಡೆ ಹೀಗೆ ಸಿಗುತ್ತದೆ, ಮಾರಾಟ ಆಗಸ್ಟ್‌ನಲ್ಲಿ ಶುರು. ಈ ಬಾಗಿಲು ನಿಧಾನಕ್ಕೆ ಮುಚ್ಚುತ್ತಿದೆ. 2025ರಿಂದ ಹೊರರಾಜ್ಯದ ಬಿಲ್ಲುಬೇಟೆಗಾರರಿಗೆ ಹೆಚ್ಚಿನ ಕಡೆ ನೇರ ಮಾರಾಟ ನಿಂತಿದೆ. ಹಾಗೆಯೇ 2022-23ರ ಚಳಿಗಾಲದಲ್ಲಿ ರಾಜ್ಯದ ವಾಯವ್ಯ ಭಾಗದಲ್ಲಿ ವಿಪರೀತ ಹಿಮ ಬಿದ್ದು ಪ್ರಾಣಿಗಳು ಸತ್ತಾಗ ಅಲ್ಲಿನ ಟ್ಯಾಗ್‌ಗಳನ್ನು ಭಾರಿ ಕಡಿತ ಮಾಡಿದ್ದರು. ಹೋದ ವರ್ಷ ಗೆಳೆಯನಿಗೆ ಸಿಕ್ಕಿತ್ತು ಅನ್ನುವ ಧೈರ್ಯದಲ್ಲಿ ರಜೆ ಹಾಕಬೇಡಿ.

ಇನ್ನೊಂದು ದಾರಿ ಲಾಟರಿ. ಅರ್ಜಿಗೆ ಕೊನೆಯ ದಿನ ಏಪ್ರಿಲ್ ಮೊದಲ ವಾರ. ಅರ್ಜಿ ಫೀ ಹತ್ತು ಡಾಲರಿನ ಆಸುಪಾಸು ಅಂತ ನೋಡಿ ಖುಷಿಪಡಬೇಡಿ. ಅರ್ಜಿ ಹಾಕುವ ಮೊದಲು ಮೊಲ, ಹಕ್ಕಿಯಂಥ ಸಣ್ಣ ಬೇಟೆಯದ್ದೋ ಇನ್ಯಾವುದೋ ಒಂದು ಅರ್ಹತಾ ಲೈಸೆನ್ಸ್ ಕೊಂಡಿರಬೇಕು, ಹೊರರಾಜ್ಯದವರಿಗೆ ಅದೇ ನೂರು ಡಾಲರ್ ಹತ್ತಿರ. ಟ್ಯಾಗ್ ಬರಲಿ ಬಿಡಲಿ, ಆ ದುಡ್ಡು ವಾಪಸ್ ಇಲ್ಲ. ಇದರ ಜೊತೆ ವರ್ಷಕ್ಕೊಮ್ಮೆ ಹ್ಯಾಬಿಟ್ಯಾಟ್ ಸ್ಟ್ಯಾಂಪ್ (ವನ್ಯಜೀವಿಗಳ ನೆಲೆ ಕಾಪಾಡಲು ಕಟ್ಟುವ ಫೀ), ಅದು ಹನ್ನೆರಡು ಡಾಲರಿನಷ್ಟು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ಹೋಗುವವರು ಲಾಟರಿಯಲ್ಲಿ ಹೆಣ್ಣು ಎಲ್ಕ್‌ಗೆ ಹಾಕಿ. ಲೈಸೆನ್ಸೂ ಕಡಿಮೆ, ಕೊಂಬು ಎಣಿಸುವ ತಲೆನೋವೂ ಇಲ್ಲ. ನಾನು ಮಾಡಿದ್ದು ಉಲ್ಟಾ. ಮೊದಲ ವರ್ಷ ನೇರ ಟ್ಯಾಗ್ ಕೊಂಡು ಹೋದೆ. ಮೂರನೇ ದಿನ ಬೆಳಿಗ್ಗೆ, ಇನ್ನೂರು ಗಜ ದೂರದಲ್ಲಿ, ಆಸ್ಪೆನ್ ಮರಗಳ ಸಾಲಿನಿಂದ ಒಂದು ಗಂಡು ಹೊರಗೆ ಬಂದು ನಿಂತಿತು. ಉಸಿರಿನ ಹಬೆ ಕಾಣುತ್ತಿತ್ತು. ಬೈನಾಕ್ಯುಲರ್‌ನಲ್ಲಿ ನೋಡಿದರೆ ತಲೆಯ ಮೇಲೆ ಎರಡು ಉದ್ದ ಕಡ್ಡಿ, ಕವಲೇ ಇಲ್ಲ. ನಿಯಮ ಏನೆಂದರೆ ಒಂದು ಕೊಂಬಿನಲ್ಲಿ ಕನಿಷ್ಠ ನಾಲ್ಕು ಕವಲು ಇರಬೇಕು, ಇಲ್ಲವೇ ಹುಬ್ಬಿನ ಹತ್ತಿರದ ಕವಲು ಐದು ಇಂಚಾದರೂ ಇರಬೇಕು. ಅದು ಐದಾರು ನಿಮಿಷ ಮೇಯ್ದು ಹೋಯಿತು. ನಾನು ನೋಡುತ್ತಾ ಮಲಗಿದ್ದೆ. ಆ ವರ್ಷ ಕಂಡದ್ದು ಅದೊಂದೇ. ಕೊಲರಾಡೊದಲ್ಲಿ ರೈಫಲ್ ಹಿಡಿದು ಎಲ್ಕ್‌ಗೆ ಹೋದ ಐವರಲ್ಲಿ ಒಬ್ಬನಿಗೆ ಸಿಕ್ಕರೆ ಅದು ಮಾಮೂಲಿ ವರ್ಷ, ಇದನ್ನು ತಲೆಯಲ್ಲಿ ಇಟ್ಟುಕೊಂಡೇ ದುಡ್ಡು ಹಾಕಿ.

ವಯೋಮಿಂಗ್‌ಗೆ ಹೋಗೋಣ ಅನ್ನುವವರಿಗೆ ಒಂದು ಮಾತು. ಅಲ್ಲಿ ವೈಲ್ಡರ್‌ನೆಸ್ ಅಂತ ಗುರುತಿಸಿದ ಕಾಡಿನೊಳಗೆ ಹೊರರಾಜ್ಯದವರು ದೊಡ್ಡ ಬೇಟೆಗೆ ಗೈಡ್ ಅಥವಾ ಸ್ಥಳೀಯ ಜೊತೆಗಾರ ಇಲ್ಲದೆ ಹೋಗುವಂತಿಲ್ಲ. ಅಲಾಸ್ಕಾದ ಕಂದು ಕರಡಿಗೂ ಗೈಡ್ ಕಡ್ಡಾಯ, ಅದರ ಖರ್ಚು ಇಪ್ಪತ್ತು ಸಾವಿರ ಡಾಲರ್ ದಾಟುತ್ತದೆ. ಅದು ನಮ್ಮ ಲೆಕ್ಕದ ಆಚೆ.

ದಾರಿ

ನಾವು ಹೋದದ್ದು ಮೀಕರ್ ಎಂಬ ಸಣ್ಣ ಊರಿನ ಕಡೆಗೆ, ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್. ಡಲ್ಲಾಸ್‌ನಿಂದ ಅಮರಿಲ್ಲೊ, ಡಾಲ್‌ಹಾರ್ಟ್, ರಾಟೊನ್ ದಾಟಿ ಪ್ಯುಯೆಬ್ಲೊ, ಡೆನ್ವರ್, ಅಲ್ಲಿಂದ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ರೈಫಲ್ ಎಂಬ ಊರು (ಹೌದು, ಊರಿನ ಹೆಸರೇ ರೈಫಲ್), ಅಲ್ಲಿಂದ ಉತ್ತರಕ್ಕೆ ಮೀಕರ್. ಒಟ್ಟು 1,020 ಮೈಲಿ, ಅಂದರೆ ಸುಮಾರು 1,640 ಕಿಲೋಮೀಟರ್. ಬೆಂಗಳೂರಿಂದ ಮುಂಬೈ ಮುಟ್ಟಿ, ಅದರ ಮೇಲೆ ಇನ್ನೂ ಆರುನೂರೈವತ್ತು ಕಿಲೋಮೀಟರ್ ಹೋದ ಹಾಗೆ. ಇಷ್ಟು ದೂರ ಬೇಟೆಗೆ ಹೋಗುವುದು ಹೊಸ ಹುಚ್ಚೇನಲ್ಲ. 1901ರಲ್ಲಿ, ಉಪಾಧ್ಯಕ್ಷನಾಗಿ ಪ್ರಮಾಣ ಮಾಡುವ ಮೊದಲು, ಥಿಯೋಡರ್ ರೂಸ್‌ವೆಲ್ಟ್ ಇದೇ ಮೀಕರ್ ಸುತ್ತಮುತ್ತ ಕೂಗರ್ (ಅಲ್ಲಿನ ದೊಡ್ಡ ಕಾಡುಬೆಕ್ಕು) ಬೇಟೆಗೆ ಬಂದು ವಾರಗಟ್ಟಲೆ ಇದ್ದ. ಅವನಿಗೆ ರಜೆಯ ಚಿಂತೆ ಇರಲಿಲ್ಲ ಬಿಡಿ.

ನಮಗೆ ಅದೇ ದೊಡ್ಡ ಖರ್ಚು. ಹೋಗಲು ಎರಡು ದಿನ, ಬರಲು ಎರಡು ದಿನ, ನಡುವೆ ಐದು ದಿನ ಬೇಟೆ. ಊರಿಗೆ ಹೋಗಲು ಕೂಡಿಟ್ಟ ರಜೆಯಲ್ಲಿ ಐದಾರು ದಿನ ಕತ್ತರಿಸಿದ ಹಾಗೆ. ಇದನ್ನು ಡಾಲರಿನಲ್ಲಿ ಬರೆಯಲಾಗುವುದಿಲ್ಲ, ಮನೆಯಲ್ಲಿ ಮಾತಾಡಿ ಮುಗಿಸಬೇಕು.

ಕಾರಿನಲ್ಲಿ ನಾಲ್ಕು ಜನ ಇರಲಿ. ಇಬ್ಬರಾದರೆ ತಲೆಗೆ ಜಾಸ್ತಿ ಬೀಳುತ್ತದೆ, ಐವರಾದರೆ ಸಾಮಾನು ಮತ್ತು ಮಾಂಸ ಇಡಲು ಜಾಗ ಇಲ್ಲ. ಹೋಗಿಬರಲು, ಮತ್ತೆ ಅಲ್ಲಿ ಓಡಾಡಲು ಸೇರಿ 2,300 ಮೈಲಿ ಹಿಡಿಯಿರಿ. ದೊಡ್ಡ ಎಸ್‌ಯುವಿ ಗ್ಯಾಲನ್‌ಗೆ 18 ಮೈಲಿ ಕೊಟ್ಟರೆ ಸುಮಾರು 128 ಗ್ಯಾಲನ್. ಮೂರೂ ಕಾಲು ಡಾಲರಿನ ಪೆಟ್ರೋಲಿಗೆ 415 ಡಾಲರ್ ಆಯಿತು, ತಲೆಗೆ ನೂರು ಚಿಲ್ಲರೆ. ಹೋಗುವಾಗ ಬರುವಾಗ ಒಂದೊಂದು ರಾತ್ರಿ ಮೋಟೆಲ್, ಎರಡೆರಡು ಮಂದಿ ಒಂದು ರೂಮು, ತಲೆಗೆ ಇನ್ನೊಂದು ನೂರು.

ಟೈರು ನೋಡಿಕೊಳ್ಳಿ. ಡೆನ್ವರ್ ಬಿಟ್ಟು ಐ-70ರಲ್ಲಿ ಮಾರಿಸನ್‌ನಿಂದ ಡಾಟ್ಸೆರೊವರೆಗೆ, ಸೆಪ್ಟೆಂಬರ್ 1ರಿಂದ ಮೇ 31ರವರೆಗೆ, ಹಿಮಕ್ಕೆ ಆಗುವ ಟೈರು ಇರಬೇಕು, ಇಲ್ಲವೇ ಟೈರಿಗೆ ಸುತ್ತುವ ಚೈನ್ ಇಟ್ಟುಕೊಂಡಿರಬೇಕು ಎಂಬ ಕಾನೂನಿದೆ. ಐಸೆನ್‌ಹೋವರ್ ಸುರಂಗ 11,000 ಅಡಿಗೂ ಮೇಲೆ. ಡಲ್ಲಾಸ್ ಬಿಸಿಲಿನಲ್ಲಿ ಸವೆದ ಟೈರಿನಲ್ಲಿ ಅಕ್ಟೋಬರ್ ಕೊನೆಗೆ ಅಲ್ಲಿ ಹೋಗುವುದು ಬೇಡ, ದಯವಿಟ್ಟು. ನಮ್ಮ ಜೊತೆಗಾರನ ಕಾರಿಗೆ ಹೊರಡುವ ಹಿಂದಿನ ದಿನ ನಾಲ್ಕೂ ಟೈರು ಬದಲಾಯಿಸಬೇಕಾಯಿತು, ಆ ಬಿಲ್ಲನ್ನು ಹಂಚಿಕೊಳ್ಳಬೇಕೇ ಬೇಡವೇ ಎಂಬ ಚರ್ಚೆ ಅಮರಿಲ್ಲೊವರೆಗೆ ನಡೆಯಿತು. ಇಂಥದ್ದನ್ನೆಲ್ಲ ಮೊದಲೇ ಮಾತಾಡಿಕೊಳ್ಳಿ. ಕಾರು ಕೊಡುವವನಿಗೆ ಪೆಟ್ರೋಲ್ ಪಾಲು ಬೇಡ ಅಂತ ನಾವು ಈಗ ನಿಯಮ ಮಾಡಿಕೊಂಡಿದ್ದೇವೆ.

ಕೋವಿ ಗುಂಡಿಲ್ಲದೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಕೈಗೆ ಸಿಗದ ಜಾಗದಲ್ಲಿ ಇರಲಿ. ಬೇಟೆಯ ಜಾಗದಲ್ಲೂ ಕಾರಿನೊಳಗೆ ರೈಫಲ್‌ನ ಚೇಂಬರಿನಲ್ಲಿ ತೋಟಾ ಇರುವಂತಿಲ್ಲ. ನ್ಯೂಜೆರ್ಸಿ ಕಡೆಯವರಿಗೆ ಮೀಕರ್ 2,000 ಮೈಲಿ, ಅವರು ವಿಮಾನದಲ್ಲಿ ಬರುವುದೇ ವಾಸಿ. ಗಟ್ಟಿ ಪೆಟ್ಟಿಗೆಗೆ ಬೀಗ, ಕೌಂಟರಿನಲ್ಲಿ ಬಾಯಿಬಿಟ್ಟು ಹೇಳುವುದು, ಚೆಕ್-ಇನ್ ಲಗೇಜಿನಲ್ಲಿ ಮಾತ್ರ, ತೋಟಾ ಸಾಮಾನ್ಯವಾಗಿ 5 ಕಿಲೋವರೆಗೆ. ಆದರೆ ವಾಪಸ್ ಬರುವಾಗ ಎಪ್ಪತ್ತು ಕಿಲೋ ಮಾಂಸ ಹೇಗೆ ತರುತ್ತೀರಿ ಅನ್ನುವುದನ್ನು ಟಿಕೆಟ್ ಬುಕ್ ಮಾಡುವ ಮೊದಲೇ ಯೋಚಿಸಿ. 23 ಕಿಲೋದ ಒಂದೊಂದು ಪೆಟ್ಟಿಗೆಗೂ ಲಗೇಜ್ ಫೀ ಬೀಳುತ್ತದೆ.

ಇನ್ನೊಂದು. ಡಲ್ಲಾಸ್ 430 ಅಡಿ, ನಮ್ಮ ಟೆಂಟ್ 9,000 ಅಡಿ. ಮೊದಲ ವರ್ಷ ಬಂದ ರಾತ್ರಿಯೇ ಟೆಂಟ್ ಹಾಕಿ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೆಟ್ಟ ಹತ್ತಿದೆ. ಹತ್ತು ಗಂಟೆಗೆ ತಲೆ ಒಡೆದುಹೋಗುವಷ್ಟು ನೋವು, ವಾಂತಿ. ಲೈಸೆನ್ಸಿನ ದುಡ್ಡನ್ನು ಐದು ದಿನಕ್ಕೆ ಭಾಗಿಸಿದರೆ ಒಂದು ದಿನಕ್ಕೆ 160 ಡಾಲರ್. ಅಷ್ಟನ್ನೂ ಸ್ಲೀಪಿಂಗ್ ಬ್ಯಾಗ್ ಒಳಗೆ ಮಲಗಿ ಕಳೆದೆ. ಎರಡನೇ ವರ್ಷ ದಾರಿಯಲ್ಲಿ ಸ್ವಲ್ಪ ಎತ್ತರದ ಊರಲ್ಲಿ ಒಂದು ರಾತ್ರಿ ತಂಗಿ, ನೀರು ಕುಡಿಯುತ್ತಾ ನಿಧಾನಕ್ಕೆ ಹತ್ತಿದ್ದಕ್ಕೆ ಏನೂ ಆಗಲಿಲ್ಲ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಕೋವಿಯಲ್ಲಿ ಉಳಿಸಿ, ಬೂಟಿನಲ್ಲಿ ಉಳಿಸಬೇಡಿ. ಆರುನೂರು ಡಾಲರಿನ .308 ಅಥವಾ .30-06 ರೈಫಲ್ ಎಲ್ಕ್‌ಗೆ ಧಾರಾಳ ಸಾಕು. ಅದರ ಮೇಲೆ 350 ಡಾಲರಿನ ಸ್ಕೋಪ್. ಎರಡು ಸಾವಿರದ ಕೋವಿ ಕೊಂಡವನೂ ಗುರಿ ಅಭ್ಯಾಸ ಮಾಡದಿದ್ದರೆ ಅಷ್ಟೇ. ಇಪ್ಪತ್ತು ತೋಟಾದ ಡಬ್ಬಿಗೆ ನಲವತ್ತರಿಂದ ಅರುವತ್ತು ಡಾಲರ್ ಇದೆ ಅಂತ ಅಭ್ಯಾಸದಲ್ಲಿ ಜಿಪುಣತನ ಮಾಡಬೇಡಿ.

ಬೂಟಿಗೆ 250 ಆಗಲಿ, ಆದರೆ ಜುಲೈನಲ್ಲೇ ಕೊಂಡು ದಿನಾ ಹಾಕಿಕೊಂಡು ನಡೆಯಿರಿ. ಬೈನಾಕ್ಯುಲರ್ 250, ಮಾಂಸ ಹೊರಬಲ್ಲ ಫ್ರೇಮ್ ಇರುವ ಬ್ಯಾಗ್ 250, ಉಣ್ಣೆ ಒಳಬಟ್ಟೆ ಮತ್ತು ಜಾಕೆಟ್ ಎಲ್ಲ ಸೇರಿ 300. ದೂರ ಅಳೆಯುವ ರೇಂಜ್‌ಫೈಂಡರ್ 150. ಮರ ಎಲೆ ಚಿತ್ರ ಇರುವ ದುಬಾರಿ ಬಟ್ಟೆಗೆ ಮಾರುಹೋಗಬೇಡಿ, ಯಾಕೆಂದರೆ ರೈಫಲ್ ಸೀಸನ್‌ನಲ್ಲಿ ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಬೇಕು, ತಲೆಗೂ ಅದೇ ಬಣ್ಣದ ಟೋಪಿ. ಒಳಗಿನ ಚಿತ್ರ ಯಾರಿಗೂ ಕಾಣುವುದಿಲ್ಲ! ಮೂವತ್ತು ಡಾಲರಿಗೆ ವೆಸ್ಟು ಟೋಪಿ ಎರಡೂ ಬರುತ್ತವೆ. ಆಮೇಲೆ ಮಾಂಸ ಕಟ್ಟುವ ಬಟ್ಟೆ ಚೀಲ, ಎರಡು ಒಳ್ಳೆ ಚೂರಿ, ಹೆಡ್‌ಲ್ಯಾಂಪ್, ಮಳೆ ಅಂಗಿ, ಅದು ಇದು. ಎಲ್ಲ ಸೇರಿ ಮೊದಲ ವರ್ಷ ನನ್ನದು 2,300 ಡಾಲರ್ ಆಯಿತು. ಹಳೇ ಸಾಮಾನು ಸಿಕ್ಕರೆ, ಗೆಳೆಯರಿಂದ ಕಡ ಸಿಕ್ಕರೆ, ಅರ್ಧಕ್ಕೆ ಮುಗಿಯುತ್ತದೆ. ಕೋವಿ ಮಾತ್ರ ಕಡ ತರುವಾಗ ಮೇಲೆ ಹೇಳಿದ ವೀಸಾ ಮಾತು ನೆನಪಿರಲಿ.

ಜಮೀನಿನ ಗಡಿ ತೋರಿಸುವ ಮ್ಯಾಪ್ ಆ್ಯಪ್‌ಗೆ ಒಂದು ರಾಜ್ಯಕ್ಕೆ ವರ್ಷಕ್ಕೆ 35 ಡಾಲರ್‌ನಂತೆ ಇದೆ. ಇದನ್ನು ಬಿಡಲೇಬೇಡಿ. ಸರ್ಕಾರಿ ಕಾಡಿನ ನಡುವೆ ಖಾಸಗಿ ತುಂಡು ಭೂಮಿ ಇರುತ್ತದೆ, ಬೇಲಿ ಇರಲೇಬೇಕು ಅಂತಿಲ್ಲ. ಟೆಂಟ್ ಹಾಕಲು ನ್ಯಾಷನಲ್ ಫಾರೆಸ್ಟ್‌ನಲ್ಲಿ ಕ್ಯಾಂಪ್‌ಗ್ರೌಂಡ್ ಬಿಟ್ಟು ಬೇರೆ ಕಡೆ ಬಾಡಿಗೆ ಇಲ್ಲ. ಅನ್ನ, ಸಾರಿನ ಪುಡಿ, ಮೊಟ್ಟೆ, ಮ್ಯಾಗಿ, ಒಂಬತ್ತು ದಿನದ ಊಟಕ್ಕೆ ತಲೆಗೆ 150. ಬೆಳಿಗ್ಗೆ ನಾಲ್ಕು ಗಂಟೆಗೆ ಮೈನಸ್ ಎಂಟು ಡಿಗ್ರಿಯಲ್ಲಿ ನಮ್ಮ ಟೆಂಟಿನಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಹೊರಟಿದ್ದಕ್ಕೆ ಪಕ್ಕದ ಕ್ಯಾಂಪಿನ ಮುದುಕರಿಬ್ಬರು ತಟ್ಟೆ ಹಿಡಿದು ಬಂದರು, ಬದಲಿಗೆ ಎಲ್ಕ್ ಎಲ್ಲಿ ನೀರಿಗೆ ಇಳಿಯುತ್ತದೆ ಅಂತ ಹೇಳಿಕೊಟ್ಟರು. ಇಡೀ ಪ್ರವಾಸದಲ್ಲಿ ಅತ್ಯಂತ ಲಾಭದ ವ್ಯವಹಾರ ಅದೇ.

ಗೈಡ್ ಬೇಕೇ? ಕುದುರೆ, ಟೆಂಟ್, ಊಟ, ದಾರಿ ತೋರಿಸುವವ ಎಲ್ಲ ಸೇರಿದ ಐದು ದಿನದ ಬೇಟೆಗೆ ಐದು ಸಾವಿರದಿಂದ ಎಂಟು ಸಾವಿರ ಡಾಲರ್, ಖಾಸಗಿ ರ‍್ಯಾಂಚ್‌ನಲ್ಲಿ ಹತ್ತು ಸಾವಿರವೂ ದಾಟುತ್ತದೆ, ಅದರ ಮೇಲೆ ಟಿಪ್ಸ್. ಲೈಸೆನ್ಸ್ ಬೇರೆ. ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಕ್ ಗ್ಯಾರಂಟಿ ಇಲ್ಲ. ಅಷ್ಟು ದುಡ್ಡಿಗೆ ನಾನು ಮೂರ್ನಾಲ್ಕು ವರ್ಷ ಸ್ವಂತ ಹೋಗಿ ಬರುತ್ತೇನೆ. ಆದರೆ ವಯಸ್ಸಾದವರಿಗೆ, ಜೊತೆಗಾರರು ಇಲ್ಲದವರಿಗೆ ಬೇರೆ ದಾರಿ ಇಲ್ಲ, ಅದನ್ನೂ ಒಪ್ಪುತ್ತೇನೆ.

ಬಿದ್ದಮೇಲೆ ಶುರುವಾಗುವ ಕೆಲಸ

ಎರಡನೇ ವರ್ಷ, ನಾಲ್ಕನೇ ದಿನ, ಸಂಜೆ ಐದೂ ಕಾಲಿಗೆ ನನ್ನ ಹೆಣ್ಣು ಎಲ್ಕ್ ಬಿತ್ತು. ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೆ ಗುಂಡು ಹಾರಿಸಬಹುದು, ಆದರೆ ಹಾರಿಸಬೇಕೇ ಅಂತ ಯೋಚಿಸಿ. ಕಾರಿದ್ದದ್ದು ಮೂರು ಕಿಲೋಮೀಟರ್ ಕೆಳಗೆ. ಕತ್ತಲಲ್ಲಿ, ಮೊಣಕಾಲು ಮಟ್ಟದ ಹಿಮದಲ್ಲಿ, ಹೆಡ್‌ಲ್ಯಾಂಪ್ ಬೆಳಕಿಗೆ ಇಬ್ಬರು ಸೇರಿ ಚರ್ಮ ಬಿಡಿಸಿ ತುಂಡು ಮಾಡಲು ಮೂರು ಗಂಟೆ. ಕೈ ಬೆರಳು ಮರಗಟ್ಟಿದಾಗ ಅದರ ಹೊಟ್ಟೆಯ ಬಿಸಿಗೇ ಕೈ ಇಟ್ಟು ಬೆಚ್ಚಗೆ ಮಾಡಿಕೊಂಡೆವು. ಒಂದು ಹಿಂದೊಡೆ ಇಪ್ಪತ್ತು ಕಿಲೋ ಮೇಲೆ. ಅದನ್ನು ಬೆನ್ನಿಗೆ ಬಿಗಿದು ಏಳಲು ಹೋದರೆ ಏಳಲು ಆಗಲಿಲ್ಲ, ಪಕ್ಕಕ್ಕೆ ಉರುಳಿ, ಮಂಡಿಯೂರಿ, ಗೆಳೆಯನ ಕೈ ಹಿಡಿದು ಎದ್ದೆ. ಅವತ್ತು ರಾತ್ರಿ ಒಂದು ಸುತ್ತು, ಉಳಿದದ್ದನ್ನು ಎತ್ತರದ ಕೊಂಬೆಗೆ ನೇತುಹಾಕಿ ಮರುದಿನ ಎರಡು ಸುತ್ತು. ಅಲ್ಲಿನ ಕೆಲವರು ಕುದುರೆಯಲ್ಲಿ ಮಾಂಸ ಇಳಿಸಿಕೊಡುತ್ತಾರೆ, ಮುನ್ನೂರು ಡಾಲರಿನಿಂದ ಮೇಲೆ. ಒಬ್ಬನ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ, ಒಂಟಿಯಾಗಿ ಹೋಗುವವರಂತೂ.

ಮಾಡಬೇಕಾದ ಕಾಗದದ ಕೆಲಸ ಸಣ್ಣದು, ತಪ್ಪಿದರೆ ದಂಡ ದೊಡ್ಡದು. ಬಿದ್ದ ಕೂಡಲೇ ಟ್ಯಾಗ್‌ಗೆ ಸಹಿ ಹಾಕಿ ದಿನಾಂಕ ಬರೆಯಬೇಕು. ಗಂಡೋ ಹೆಣ್ಣೋ ಅಂತ ತೋರಿಸುವ ಭಾಗ ಮಾಂಸಕ್ಕೆ ಅಂಟಿಕೊಂಡೇ ಇರಬೇಕು. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವಂತಿಲ್ಲ, ಕೊಂಬು ಮಾತ್ರ ಹೊತ್ತು ತಂದರೆ ಅಪರಾಧ. ಮಾಂಸ ಮಾರುವಂತೆಯೂ ಇಲ್ಲ, ಹಂಚಬಹುದು.

ಮಾಂಸದ ಅಂಗಡಿಗೆ ಕೊಟ್ಟರೆ ಎಲ್ಕ್ ಒಂದಕ್ಕೆ 350ರಿಂದ 600 ಡಾಲರ್. ಸೀಸನ್‌ನಲ್ಲಿ ನಾಲ್ಕೈದು ದಿನದ ಸರದಿ ಇರುತ್ತದೆ, ಕಾಯಲು ಮೋಟೆಲ್ ಖರ್ಚು ಬೇರೆ. ನಾವೇ ಟೆಂಟಿನ ಮುಂದೆ ಪ್ಲಾಸ್ಟಿಕ್ ಟೇಬಲ್ ಹಾಕಿ ಮೂಳೆ ಬಿಡಿಸಿದೆವು. ತಲೆ, ಬೆನ್ನುಮೂಳೆ ರಾಜ್ಯ ದಾಟಿಸಬೇಡಿ. ಜಿಂಕೆ ಜಾತಿಯಲ್ಲಿ ಹರಡುವ ಸಿಡಬ್ಲ್ಯುಡಿ ಎಂಬ ಮಿದುಳಿನ ಕಾಯಿಲೆ ಇದೆ, 1967ರಲ್ಲಿ ಮೊದಲು ಕಂಡದ್ದು ಕೊಲರಾಡೊದಲ್ಲೇ. ಅದಕ್ಕಾಗಿ ಟೆಕ್ಸಾಸ್ ಸೇರಿ ಹಲವು ರಾಜ್ಯಗಳು ಇಂಥ ಭಾಗಗಳನ್ನು ಒಳಗೆ ಬಿಡುವುದಿಲ್ಲ. ಪರೀಕ್ಷೆಗೆ ತಲೆಯನ್ನು ಅಲ್ಲೇ ಇಲಾಖೆಯವರಿಗೆ ಕೊಟ್ಟು ಬನ್ನಿ, ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲೇ ಇರಲಿ. ಮನುಷ್ಯರಿಗೆ ಬಂದ ಪುರಾವೆ ಇಲ್ಲ, ಆದರೆ ಕಾಯಿಲೆ ಇದೆ ಅಂತ ಬಂದರೆ ತಿನ್ನಬೇಡಿ ಎಂದೇ ಆರೋಗ್ಯ ಇಲಾಖೆ ಹೇಳುತ್ತದೆ.

ವಾಪಸ್ ದಾರಿಯಲ್ಲಿ ಪ್ರತಿ ಪೆಟ್ರೋಲ್ ಬಂಕಿನಲ್ಲೂ ಕೂಲರ್‌ನ ನೀರು ಬಸಿದು ಐಸ್ ತುಂಬಬೇಕು. ಮಾಂಸ ನೀರಿನಲ್ಲಿ ಮುಳುಗಿದರೆ ಬಿಳಿಚಿಕೊಂಡು ರುಚಿ ಕೆಡುತ್ತದೆ. ಡಾಲ್‌ಹಾರ್ಟ್‌ನ ಬಂಕಿನಲ್ಲಿ ನಾವು ಬಸಿದ ಕೆಂಪು ನೀರು ನೋಡಿ ಪಕ್ಕದ ಕಾರಿನ ಹೆಂಗಸು ಮಗುವನ್ನು ಎತ್ತಿಕೊಂಡು ದೂರ ಹೋದಳು. ಬಸಿಯುವಾಗ ಸ್ವಲ್ಪ ಮೂಲೆಗೆ ಹೋಗಿ.

ಕಿಲೋಗೆ ಎಷ್ಟು ಬಿತ್ತು

ಮೊದಲ ವರ್ಷ: ಲೈಸೆನ್ಸ್ ಸ್ಟ್ಯಾಂಪ್ 820, ದಾರಿ ಮತ್ತು ಮೋಟೆಲ್ 200, ಊಟ 150, ಗ್ಯಾಸು ಸೌದೆ ಇತ್ಯಾದಿ 60, ತೋಟಾ ಮತ್ತು ಮ್ಯಾಪ್ 135, ಸಾಮಾನು 2,300. ಒಟ್ಟು ಸುಮಾರು 3,650 ಡಾಲರ್, ಮಾಂಸ ಸೊನ್ನೆ. ಎರಡನೇ ವರ್ಷ ಅರ್ಹತಾ ಲೈಸೆನ್ಸ್, ಐಸ್, ಪ್ಯಾಕಿಂಗ್ ಎಲ್ಲ ಸೇರಿ 1,400. ಮೂಳೆ ಬಿಟ್ಟು ಮಾಂಸ 68 ಕಿಲೋ. ಆ ವರ್ಷದ್ದು ಮಾತ್ರ ಹಿಡಿದರೆ ಕಿಲೋಗೆ 21 ಡಾಲರ್, ಎರಡೂ ವರ್ಷ ಹಿಡಿದರೆ 74. ಅಂಗಡಿಯ ಕುರಿ ಮಾಂಸ ಇದರ ಮುಂದೆ ಪುಕ್ಕಟೆ. ಮಾಂಸ ಉಳಿತಾಯ ಆಗುತ್ತದೆ ಅಂತ ಮನೆಯಲ್ಲಿ ಹೇಳಿ ಹೊರಡಬೇಡಿ, ಸಿಕ್ಕಿಬೀಳುತ್ತೀರಿ.

ಈ ಹುಚ್ಚು ನಮ್ಮೊಬ್ಬರದ್ದಲ್ಲ. 2022ರ ಅಮೆರಿಕದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಆ ವರ್ಷ 1.44 ಕೋಟಿ ಜನ ಬೇಟೆಗೆ ಹೋಗಿ 4,500 ಕೋಟಿ ಡಾಲರಿಗೂ ಜಾಸ್ತಿ ಖರ್ಚು ಮಾಡಿದ್ದಾರೆ. ತಲೆಗೆ ಮೂರು ಸಾವಿರ ಚಿಲ್ಲರೆ, ಅಂದರೆ ನನ್ನ ಮೊದಲ ವರ್ಷದ ಹತ್ತಿರಹತ್ತಿರ. ಅದರಲ್ಲಿ ಒಂದು ಪಾಲು ಕಾಡಿಗೇ ವಾಪಸ್ ಹೋಗುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ರೈಫಲ್ ಮತ್ತು ತೋಟಾದ ಮೇಲಿನ 11 ಪರ್ಸೆಂಟ್ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹಂಚಿಕೆಯಾಗುತ್ತದೆ, ಲೈಸೆನ್ಸ್ ಫೀ ನೇರವಾಗಿ ಇಲಾಖೆಗೆ. ಹೆಂಡತಿಗೆ ಇದನ್ನೂ ಹೇಳಿದೆ. "ಹಾಗಾದ್ರೆ ದಾನ ಅಂತ ಬರ್ಕೊಳ್ಳಿ" ಅಂದಳು.

ಅಡುಗೆ ಬಗ್ಗೆ ಒಂದು ಮಾತು. ಎಲ್ಕ್‌ನಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಬೆನ್ನಿನ ಉದ್ದ ಮಾಂಸವನ್ನು ಕುಕ್ಕರಿಗೆ ಹಾಕಿ ಹಾಳು ಮಾಡಬೇಡಿ, ದೊಡ್ಡ ಉರಿಯಲ್ಲಿ ಮೆಣಸು ಉಪ್ಪು ಹಾಕಿ ಎರಡೆರಡು ನಿಮಿಷ ಹುರಿದರೆ ಸಾಕು. ತೊಡೆ ಮಾಂಸ ಕುಕ್ಕರಿನಲ್ಲಿ ಏಳು ವಿಶಲ್, ಎಣ್ಣೆ ಕುರಿಗಿಂತ ಸ್ವಲ್ಪ ಜಾಸ್ತಿ, ಕೊನೆಗೆ ಕಾಚಂಪುಳಿ. ಮುಂಗಾಲಿನದ್ದನ್ನು ಎಲ್ಲರೂ ಮಾಡುವ ಹಾಗೆ ನಾನೂ ಕೈಮಾ ಮಾಡಿಸಿಬಿಟ್ಟೆ. ಹೋದ ವಾರ, ಏಪ್ರಿಲ್ ಅರ್ಜಿ ತುಂಬುತ್ತಾ ಕೂತಿದ್ದಾಗ ಹೆಂಡತಿ ಹಿಂದಿನಿಂದ ಬಂದು ಸ್ಕ್ರೀನ್ ನೋಡಿ, "ಈ ಸಲ ಮುಂಗಾಲನ್ನ ಕೈಮಾ ಮಾಡ್ಬೇಡಿ, ಮೂಳೆ ಸಮೇತ ತನ್ನಿ, ಸಾರಿಗೆ ಅದೇ ಚೆನ್ನ" ಅಂದು ಹೋದಳು.